ಹೈಫಾ ಗೊತ್ತು, ಹರಿತಾನ್ ಗೊತ್ತಾ? ಮೈಸೂರು ಲ್ಯಾನ್ಸರ್ಸ್ ಬಗ್ಗೆ ಒಂದು ಚರ್ಚೆ

ಹಳೇ_ಲಾಯ

ಸೆಪ್ಟೆಂಬರ್ 23 ಬಂದರೆ ಸಾಕು, ವಾಟ್ಸಾಪಿನಲ್ಲಿ ಅದೇ ಮೆಸೇಜು. "ಬರೀ ಈಟಿ ಹಿಡಿದ ಮೈಸೂರು ಸವಾರರು ಮಷಿನ್ ಗನ್ನಿಗೆ ಎದೆ ಕೊಟ್ಟು ಒಂದೇ ಗಂಟೆಯಲ್ಲಿ ಹೈಫಾ ಗೆದ್ದರು. ಜಗತ್ತಿನ ಕೊನೆಯ ಅಶ್ವದಳ ದಾಳಿ. ಓದಿ, ಹಂಚಿ." ಇದು 1918ರ ಮಾತು, ಮೊದಲ ಮಹಾಯುದ್ಧದ್ದು. ಸವಾರರು ಅಂದರೆ ಮೈಸೂರು ಲ್ಯಾನ್ಸರ್ಸ್, ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ದಳ. ಹೈಫಾ ಆಗ ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ತೀನಿನ ಬಂದರು, ಈಗ ಇಸ್ರೇಲಿನಲ್ಲಿದೆ. ಈ ವರ್ಷ ನನಗೆ ಆ ಮೆಸೇಜು ಏಳು ಗುಂಪುಗಳಿಂದ ಬಂತು. ಅದರಲ್ಲಿ ಒಂದು ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗುಂಪು.

ಹೆಮ್ಮೆ ಪಡೋದಕ್ಕೆ ನನ್ನ ತಕರಾರಿಲ್ಲ. ನಾನು ಬೆಳೆದದ್ದೇ ಬೆಂಗಳೂರಿನ ಜೆ.ಸಿ. ನಗರದ ಕಡೆ. ಲ್ಯಾನ್ಸರ್ಸ್ ಸ್ಮಾರಕದ ಕಂಬ ನೋಡಿಕೊಂಡೇ ಸ್ಕೂಲಿಗೆ ಹೋಗುತ್ತಿದ್ದೆ. ಆದರೆ ಆ ಮೆಸೇಜು ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅದು ಕೊನೆಯ ದಾಳಿ ಅಲ್ಲ. ಅದಾಗಿ 33 ದಿನಕ್ಕೆ ಇದೇ ರೆಜಿಮೆಂಟು ಸಿರಿಯಾದ ಅಲೆಪ್ಪೊ ಆಚೆ ಹರಿತಾನ್ ಅನ್ನೋ ಊರಿನ ಹತ್ತಿರ ಮತ್ತೆ ಈಟಿ ಹಿಡಿದು ನುಗ್ಗಿತು. ಹೈಫಾ ಊರೊಳಗೆ ಮೊದಲು ಹೋದವರು ಜೋಧಪುರ ಸಂಸ್ಥಾನದ ಸವಾರರು. ನಮ್ಮವರು ಅವತ್ತು ಮಾಡಿದ ಅಸಲಿ ಕೆಲಸ ಇದೆಯಲ್ಲ, ಅದು ಮೆಸೇಜಿನಲ್ಲಿ ಇಲ್ಲವೇ ಇಲ್ಲ.

ಗೊತ್ತಿರುವವರು ಬನ್ನಿ. ಒಂದು ಸಲ ಸರಿಯಾಗಿ ಬರೆದಿಡೋಣ.

ರಾಗಿಮುದ್ದೆ_ರಾಜಾಜಿನಗರ

ಗುರು, ನನಗೆ ಏನೂ ಗೊತ್ತಿಲ್ಲ. ಶುರುವಿಂದ ಹೇಳಿ. ಮೈಸೂರು ಮಹಾರಾಜರ ಸೈನ್ಯಕ್ಕೂ ಪ್ಯಾಲೆಸ್ತೀನಿಗೂ ಏನು ಸಂಬಂಧ?

ಮೇಷ್ಟ್ರು_ಚನ್ನಪಟ್ಟಣ

ನಾನು ಹೇಳ್ತೀನಿ, ಸ್ವಲ್ಪ ಹಿಂದಿನಿಂದ ಬರಬೇಕು.

ಮೈಸೂರಿಗೆ ಕುದುರೆ ದಂಡು ಹೊಸದಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜ್ಯ ಒಡೆಯರ ಕೈಗೆ ಬಂತು. ಆಮೇಲೆ 1807ರಲ್ಲಿ ಕಂಪನಿ ಒಂದು ಕರಾರು ಮಾಡಿಕೊಂಡಿತು: ಮೈಸೂರು ಯಾವಾಗಲೂ 4,000 ಕುದುರೆ ಸವಾರರನ್ನು ಸಿದ್ಧವಾಗಿ ಇಟ್ಟಿರಬೇಕು, ಕರೆದಾಗ ಕಳಿಸಬೇಕು. ಇವರೇ ಸಿಲ್ಲೇದಾರ್ ಕುದುರೆಯವರು. ಪಿಂಡಾರಿಗಳ ಮೇಲಿನ ಯುದ್ಧಕ್ಕೂ ಹೋಗಿ ಬಂದವರು.

ಸಿಲ್ಲೇದಾರ ಅಂದರೆ ಕುದುರೆ ತನ್ನದೇ ತಂದು ಚಾಕರಿಗೆ ಸೇರುವವನು. ಕುದುರೆ, ಜೀನು, ಕತ್ತಿ ಎಲ್ಲ ಅವನದ್ದು. ಸಂಬಳದಲ್ಲೇ ತನ್ನ ಹೊಟ್ಟೆ, ಕುದುರೆ ಹೊಟ್ಟೆ ಎರಡೂ ಹೊರೆಯಬೇಕು. ಕುದುರೆ ಇಲ್ಲದವನು ಬೇರೆಯವನ ಕುದುರೆ ಹತ್ತಿದರೆ ಅವನು ಬಾರ್ಗೀರ. ಈ ಪದ್ಧತಿಯಲ್ಲಿ ಒಂದು ತಮಾಷೆ ಇದೆ. ಕುದುರೆ ಸತ್ತರೆ ನಷ್ಟ ಯಾರಿಗೆ? ಹಾಗಾಗಿ ಸವಾರ ತನ್ನ ಜೀವಕ್ಕಿಂತ ಕುದುರೆ ಜೀವಕ್ಕೆ ಜಾಸ್ತಿ ಹೆದರುತ್ತಿದ್ದ.

1880ರ ದಶಕದ ಕೊನೆಗೆ ಬ್ರಿಟಿಷರು ಹೊಸ ಯೋಜನೆ ತಂದರು, ಇಂಪೀರಿಯಲ್ ಸರ್ವೀಸ್ ಪಡೆಗಳು ಅಂತ. ಸಂಸ್ಥಾನ ತನ್ನ ಖರ್ಚಿನಲ್ಲಿ ಪಡೆ ಸಾಕಬೇಕು, ಯುದ್ಧ ಬಂದರೆ ಸಾಮ್ರಾಜ್ಯಕ್ಕೆ ಕೊಡಬೇಕು. ಅಧಿಕಾರಿಗಳು ಸಂಸ್ಥಾನದವರೇ. ಸಲಹೆಗೆ ಅಂತ ಒಬ್ಬಿಬ್ಬರು ಬ್ರಿಟಿಷರು ಜೊತೆಗಿರುತ್ತಾರೆ. ಮೈಸೂರು ಲ್ಯಾನ್ಸರ್ಸ್ ಹುಟ್ಟಿದ್ದು ಹೀಗೆ. ನೆಲೆ ಬೆಂಗಳೂರು.

ರಾಗಿಮುದ್ದೆ_ರಾಜಾಜಿನಗರ

ಅಂದ್ರೆ ಓಲಾ ಡ್ರೈವರ್ ಥರ. ಗಾಡಿ ನಿಮ್ಮದು, ರಿಪೇರಿ ನಿಮ್ಮದು.

ಮೇಷ್ಟ್ರು_ಚನ್ನಪಟ್ಟಣ

ಹಾಗೇ ಇಟ್ಟುಕೊಳ್ಳಪ್ಪ. ಆದರೆ ಲ್ಯಾನ್ಸರ್ಸ್ ಬರುವ ಹೊತ್ತಿಗೆ ಖರ್ಚು ಸಂಸ್ಥಾನದ್ದು.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಆ ಕಾಲದ 50 ಲಕ್ಷ ಅನ್ನೋದು ನೆನಪಿರಲಿ. ಅಕ್ಟೋಬರಿನಲ್ಲಿ ರೆಜಿಮೆಂಟು ಬೆಂಗಳೂರು ಬಿಟ್ಟಿತು. ಐನೂರಕ್ಕೂ ಹೆಚ್ಚು ಕುದುರೆ, ಜೊತೆಗೆ ಹೇಸರಗತ್ತೆಗಳು, ಕುದುರೆ ನೋಡಿಕೊಳ್ಳುವ ಸಾಯಿಸರು, ಅಡುಗೆಯವರು, ಲಾಳ ಹೊಡೆಯುವವರು. ರೈಲಿನಲ್ಲಿ ಮುಂಬಯಿ, ಅಲ್ಲಿಂದ ಹಡಗು, ನವೆಂಬರಿನಲ್ಲಿ ಈಜಿಪ್ಟ್. ಬಿ. ಚಾಮರಾಜ ಅರಸರು ಇದರ ಮುಖ್ಯ ಅಧಿಕಾರಿಗಳಲ್ಲೊಬ್ಬರು. ಸವಾರರಲ್ಲಿ ದಖನಿ ಮುಸ್ಲಿಮರು, ಮರಾಠರು ಬಹಳ ಇದ್ದರು.

ಆ ನವೆಂಬರಿನಲ್ಲೇ ತುರ್ಕಿ ಸುಲ್ತಾನ ಖಲೀಫನ ಹೆಸರಿನಲ್ಲಿ ಜಿಹಾದ್ ಕರೆ ಕೊಟ್ಟ. ನಮ್ಮ ಈ ಮುಸ್ಲಿಂ ಸವಾರರನ್ನೂ ಅದೇ ಸುಲ್ತಾನನ ಸೈನ್ಯದ ಎದುರು ನಿಲ್ಲಿಸಿದರು. ನಾಲ್ಕು ವರ್ಷ ನಿಂತರು. ನಮ್ಮ ಹೆಮ್ಮೆಯ ಮೆಸೇಜುಗಳಲ್ಲಿ ಈ ಮಾತು ಯಾಕೋ ಬರೋದೇ ಇಲ್ಲ.

ಕುದುರೆ_ಜೊತೆಗಾರ

ನಾನು ಮೈಸೂರಿನಲ್ಲಿ ಕುದುರೆ ಸವಾರಿ ಕಲಿಸುತ್ತೇನೆ. ಯುದ್ಧದ ತಾರೀಕು ಮೇಷ್ಟ್ರಿಗೆ ಬಿಡ್ತೀನಿ. ಕುದುರೆ ಬಗ್ಗೆ ಎರಡು ಮಾತು ಹೇಳಬೇಕು.

ಐನೂರು ಕುದುರೆಯನ್ನು ಹಡಗಿನಲ್ಲಿ ಸಾಗಿಸೋದು ಅಂದರೆ ಏನು ಅಂತ ಯೋಚನೆ ಮಾಡಿದ್ದೀರಾ? ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ಸಮುದ್ರದ ಓಲಾಟಕ್ಕೆ ಹೊಟ್ಟೆ ಕೆಟ್ಟರೆ ಒಳಗೇ ಒದ್ದಾಡುತ್ತದೆ. ಒಂದೊಂದಕ್ಕೆ ಒಂದೊಂದು ಇಕ್ಕಟ್ಟಿನ ಕಟ್ಟೆ. ಮಲಗೋಕೆ ಜಾಗ ಇಲ್ಲ, ದಿನಗಟ್ಟಲೆ ನಿಂತೇ ಇರಬೇಕು. ಇಳಿಸಿದ ಮೇಲೆ ಕಾಲು ಊದಿರುತ್ತದೆ. ವಾರಗಟ್ಟಲೆ ನಡೆಸಿ ನಡೆಸಿ ಸರಿ ಮಾಡಬೇಕು.

ಇನ್ನು ಮೇವು. ಇಲ್ಲಿ ನಮ್ಮ ಕುದುರೆಗೆ ಹುರುಳಿ. ನೆನೆಸಿ, ಬೇಯಿಸಿ, ಆರಿಸಿ ಕೊಡೋದು. ಅಲ್ಲಿ ಈಜಿಪ್ಟಿನಲ್ಲಿ ಕೊಡ್ತಿದ್ದದ್ದು ಬಾರ್ಲಿ, ಮತ್ತೆ ತಿಬ್ಬಿನ್ ಅಂತ ಕರೆಯುವ ಕತ್ತರಿಸಿದ ಹೊಟ್ಟು. ಕುದುರೆ ಹೊಟ್ಟೆ ಮೇವು ಬದಲಾದರೆ ತಕ್ಷಣ ಮುನಿಸಿಕೊಳ್ಳುತ್ತದೆ. ಅದರ ಮೇಲೆ ಮರಳು. ನೆಲದ ಮೇಲೆ ಚೆಲ್ಲಿದ ಕಾಳಿನ ಜೊತೆ ಮರಳೂ ಹೋಗಿ ಹೊಟ್ಟೆಯಲ್ಲಿ ಕೂರುತ್ತದೆ, ಹೊಟ್ಟೆನೋವು ಬಂದು ಕುದುರೆ ಉರುಳಾಡಿ ಸಾಯುತ್ತದೆ. ಆ ಕಡೆಯ ಯುದ್ಧದಲ್ಲಿ ಹೀಗೆ ಬಹಳ ಕುದುರೆ ಸತ್ತಿವೆ. ಗುಂಡೇ ತಗಲಬೇಕು ಅಂತಿಲ್ಲ.

ಭಾರ ಎಷ್ಟು ಗೊತ್ತಾ? ಸವಾರ, ಜೀನು, ರೈಫಲು, ತೋಟಾ, ಕತ್ತಿ, ಈಟಿ, ಎರಡು ದಿನದ ಮೇವು, ನೀರು. ಎಲ್ಲ ಸೇರಿ ಹತ್ತಿರ ಹತ್ತಿರ 120–130 ಕೆ.ಜಿ. ನಾನು ಸಾಮಾನ್ಯ ಕುದುರೆ ಮೇಲೆ 85 ಕೆ.ಜಿ. ದಾಟಿದವರನ್ನು ಕೂರಿಸಲ್ಲ.

ಹಳೇ_ಲಾಯ

ಇದು ಬೇಕಿತ್ತು ಸರ್, ಥ್ಯಾಂಕ್ಸ್. ಫೋಟೋದಲ್ಲಿ ಬರೀ ಮೀಸೆ, ಪೇಟ ಕಾಣುತ್ತವೆ.

ಈಜಿಪ್ಟಿಗೆ ಹೋದ ಮೇಲೆ ಮೈಸೂರು, ಹೈದರಾಬಾದ್, ಪಟಿಯಾಲಾ ಮೊದಲಾದ ಸಂಸ್ಥಾನಗಳ ಸವಾರರನ್ನು ಸೇರಿಸಿ ಒಂದು ಬ್ರಿಗೇಡ್ ಮಾಡಿದರು. ಮುಂದೆ ಇದೇ 15ನೇ ಇಂಪೀರಿಯಲ್ ಸರ್ವೀಸ್ ಕ್ಯಾವಲ್ರಿ ಬ್ರಿಗೇಡ್. ಮೊದಲ ಕೆಲಸ ಸೂಯೆಜ್ ಕಾಲುವೆ ಕಾಯೋದು. 1915ರ ಫೆಬ್ರವರಿ 3ರಂದು ತುರ್ಕರು ಸಿನಾಯ್ ಮರುಭೂಮಿ ದಾಟಿ, ತಗಡಿನ ದೋಣಿಗಳನ್ನು ಎಳೆದುಕೊಂಡು ಬಂದು ಕಾಲುವೆ ದಾಟೋಕೆ ನೋಡಿದರು. ಆಗಲಿಲ್ಲ, ವಾಪಸ್ ಹೋದರು.

ಅಲ್ಲಿಂದ ಎರಡೂವರೆ ವರ್ಷ ಕಾವಲು, ಗಸ್ತು, ಮರಳು, ನೊಣ. ಇದರ ಬಗ್ಗೆ ಬರೆಯೋಕೆ ಏನೂ ಇಲ್ಲ ಅನ್ನೋದೇ ಬರೆಯೋ ವಿಷಯ. 1917ರ ನವೆಂಬರ್ 7ರಂದು ಗಾಜಾ ಬಿತ್ತು, ಆಗ ಈ ಬ್ರಿಗೇಡು ಅದರ ಮೂಲಕ ಉತ್ತರಕ್ಕೆ ಬೇತ್ ಹನೂನ್ ಕಡೆ ನುಗ್ಗಿತು. 1918ರಲ್ಲಿ ಫ್ರಾನ್ಸಿನಿಂದ ಜೋಧಪುರ್ ಲ್ಯಾನ್ಸರ್ಸ್ ಬಂದು ಸೇರಿಕೊಂಡರು. ಆ ಬೇಸಿಗೆ ಜೋರ್ಡನ್ ಕಣಿವೆಯಲ್ಲಿ. ಸಮುದ್ರ ಮಟ್ಟಕ್ಕಿಂತ ಸಾವಿರ ಅಡಿಗೂ ಕೆಳಗಿನ ಜಾಗ ಅದು, ಬಾಣಲೆ ತಳದ ಹಾಗೆ. ಮಲೇರಿಯಾ ಬೇರೆ. ಜುಲೈ 14ರಂದು ಅಲ್ಲಿ ಎಲ್ ಹಿನು ಎಂಬಲ್ಲಿ ಮೈಸೂರು, ಜೋಧಪುರ್ ಎರಡೂ ಕಡೆಯವರು ಸೇರಿ ತುರ್ಕರ ಮೇಲೆ ಕುದುರೆ ನುಗ್ಗಿಸಿದರು. ಹೈಫಾಕ್ಕಿಂತ ಮೊದಲೇ ಈಟಿ ಕೆಲಸ ಮಾಡಿತ್ತು ಅಂತ ಹೇಳೋಕೆ ಇದನ್ನು ಬರೆದೆ.

ಬಸವನಗುಡಿ_ಬೆಂಚು

ಒಂದು ಅನುಮಾನ. ಮಷಿನ್ ಗನ್ ಇರುವ ಕಾಲದಲ್ಲಿ ಈಟಿ ಹಿಡಿದು ಹೋಗೋದು ಹುಚ್ಚಲ್ವಾ? ಫ್ರಾನ್ಸಿನಲ್ಲಿ ಅದಕ್ಕೇ ಎಲ್ಲರೂ ಕಂದಕದಲ್ಲಿ ಕೂತರು. ಬ್ರಿಟಿಷರು ನಮ್ಮವರನ್ನು ಬಲಿ ಕೊಟ್ಟರು ಅಂತ ನನ್ನ ಅಭಿಪ್ರಾಯ.

ಹಳೇ_ಲಾಯ

ಒಳ್ಳೆ ಪ್ರಶ್ನೆ. ಹುಚ್ಚು ಅನ್ನಿಸುತ್ತದೆ, ಆದರೆ ಲೆಕ್ಕ ಬೇರೆ ಹೇಳುತ್ತದೆ. ಹೈಫಾದಲ್ಲಿ ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸೆರೆ ಸಿಕ್ಕವರು 1,350. ಫಿರಂಗಿ 17, ಮಷಿನ್ ಗನ್ 11. ಇದು ಬಲಿ ಕೊಟ್ಟ ಲೆಕ್ಕ ಅಲ್ಲ.

ಈಗ ಆ ದಿನದ ಕತೆ ಪೂರ್ತಿ ಹೇಳ್ತೀನಿ. ಸ್ವಲ್ಪ ಉದ್ದ, ಕಾಫಿ ತಗೊಂಡು ಬನ್ನಿ.

1918ರ ಸೆಪ್ಟೆಂಬರ್ 19ರಂದು ಬ್ರಿಟಿಷ್ ಜನರಲ್ ಅಲೆನ್‌ಬಿ ತುರ್ಕರ ಸಾಲನ್ನು ಕರಾವಳಿ ಕಡೆ ಒಡೆದ. ಒಡೆದ ಸಂದಿನಲ್ಲಿ ಕುದುರೆ ಪಡೆ ಬಿಟ್ಟ. ಅವು ಎರಡೇ ದಿನದಲ್ಲಿ ತುರ್ಕರ ಬೆನ್ನ ಹಿಂದೆ ಹೋಗಿ ಕೂತವು. ಇಷ್ಟು ಮುಂದೆ ಹೋದ ಸೈನ್ಯಕ್ಕೆ ಅನ್ನ, ಮದ್ದುಗುಂಡು ಬರಬೇಕಲ್ಲ? ಅದಕ್ಕೆ ಬಂದರು ಬೇಕು. ಹೈಫಾ ಬೇಕಾಗಿದ್ದು ಅದಕ್ಕೆ. ಸೆಪ್ಟೆಂಬರ್ 22ರಂದು ಊರು ಖಾಲಿಯಾಗಿರಬಹುದು ಅಂದುಕೊಂಡು ಕೆಲವು ಕವಚದ ಕಾರುಗಳು ಸುಮ್ನೆ ರಸ್ತೆ ಹಿಡಿದು ಹೋದವು. ಫಿರಂಗಿ, ಮಷಿನ್ ಗನ್ ಏಟು ತಿಂದು ವಾಪಸ್ ಬಂದವು.

ಮಾರನೇ ದಿನ 15ನೇ ಬ್ರಿಗೇಡಿಗೆ ಆ ಕೆಲಸ ಬಂತು. ಬ್ರಿಗೇಡಿಯರ್ ಹಾರ್ಬರ್ಡ್ ಅದರ ಮುಖ್ಯಸ್ಥ. ಹೈದರಾಬಾದ್ ಲ್ಯಾನ್ಸರ್ಸ್ ಕೈದಿಗಳನ್ನು ಸಾಗಿಸುವ ಕೆಲಸದಲ್ಲಿದ್ದರು, ಉಳಿದದ್ದು ಮೈಸೂರು ಮತ್ತು ಜೋಧಪುರ್. ನಸುಕಿಗೆ ಹೊರಟು ಬೆಳಗ್ಗೆ ಹತ್ತರ ಹೊತ್ತಿಗೆ ಬಲದ್ ಅಲ್ ಶೇಖ್ ಎಂಬ ಹಳ್ಳಿ ಮುಟ್ಟಿದರು. ಅಲ್ಲಿ ಮೇಲಿನಿಂದ ಗುಂಡು ಬೀಳೋಕೆ ಶುರು.

ಜಾಗ ಹೇಗಿದೆ ಅಂದರೆ, ಎಡಗಡೆ ಕಾರ್ಮೆಲ್ ಬೆಟ್ಟ, ಗೋಡೆ ಥರ. ಬಲಗಡೆ ಕಿಶೋನ್ ನದಿ ಮತ್ತೆ ಅದರ ಜೌಗು. ಮಧ್ಯ ರಸ್ತೆ, ರೈಲು ದಾರಿ. ರಸ್ತೆಗೆ ಎದುರಾಗಿ ಮಷಿನ್ ಗನ್, ಬೆಟ್ಟದ ಮೇಲೆ ಫಿರಂಗಿ. ರಸ್ತೆಯಲ್ಲಿ ಹೋದರೆ ಮೇಲಿನವರು ಬಿಡಲ್ಲ. ಮೇಲಿನ ಫಿರಂಗಿ ಬಾಯಿ ಮುಚ್ಚಿಸದೆ ಕೆಳಗೆ ಏನೂ ನಡೆಯಲ್ಲ.

ಆ ಬಾಯಿ ಮುಚ್ಚಿಸೋಕೆ ಕಳಿಸಿದ್ದು ಮೈಸೂರಿನ ಒಂದು ಸ್ಕ್ವಾಡ್ರನ್ನು, ಅಂದರೆ ರೆಜಿಮೆಂಟಿನ ಒಂದು ತುಕಡಿ. ಎರಡು ಮಷಿನ್ ಗನ್ ಜೊತೆ ಕೊಟ್ಟು, ಕಡಿದಾದ ಕಾಲುದಾರಿಯಲ್ಲಿ ಬೆಟ್ಟ ಹತ್ತಿ ಅಂದರು. ಆಮೇಲೆ ಶೆರ್ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ರೆಜಿಮೆಂಟಿನ ಒಂದು ಸ್ಕ್ವಾಡ್ರನ್ನನ್ನೂ ಸಹಾಯಕ್ಕೆ ಹಿಂದಿನಿಂದ ಕಳಿಸಿದರು. ನಮ್ಮ ಉಳಿದ ಸ್ಕ್ವಾಡ್ರನ್ನುಗಳು ಊರಿನ ಪೂರ್ವಕ್ಕೆ ಹೋಗಿ ಕುದುರೆ ಇಳಿದು ಗುಂಡು ಹಾರಿಸುತ್ತಾ ತುರ್ಕರು ತಲೆ ಎತ್ತದಂತೆ ನೋಡಿಕೊಂಡವು.

ಬೆಟ್ಟ ಹತ್ತಿದವರ ಪಾಡು ಕೇಳಿ. ಕುದುರೆಗಳು ಒಂದೊಂದಾಗಿ ಸೋತು ನಿಂತವು, ಕುಂಟಿದವು. ಗುಂಡಿನ ಆಸರೆ ಕೊಡೋಕೆ ಕೆಲವರನ್ನು ಅಲ್ಲಲ್ಲಿ ಬಿಡಬೇಕಾಯಿತು. ಕೊನೆಗೆ ಫಿರಂಗಿ ಹತ್ತಿರ ತಲುಪಿದಾಗ ನುಗ್ಗೋಕೆ ಉಳಿದವರು ಹದಿನೈದು. ಹೌದು, ಹದಿನೈದೇ ಜನ. ಮಧ್ಯಾಹ್ನ ಎರಡರ ಸುಮಾರಿಗೆ ಆ ಹದಿನೈದು ಜನ ನುಗ್ಗಿದರು. ಸಿಕ್ಕಿದ್ದು ಒಂದು 6 ಇಂಚಿನ ನೌಕಾ ಫಿರಂಗಿ, ಎರಡು ಬೆಟ್ಟದ ಫಿರಂಗಿ, 78 ಕೈದಿಗಳು.

ಅದೇ ಹೊತ್ತಿಗೆ ಕೆಳಗೆ ಜೋಧಪುರದವರು ಹೊರಟರು. ಮೊದಲು ನದಿ ದಾಟೋಣ ಅಂತ ನೋಡಿದರು. ದಡದಲ್ಲಿ ಉಸುಬು, ಮುಂದೆ ಹೋದವರ ಕುದುರೆ ಹೂತುಹೋಯಿತು. ಗುಂಡಿನ ಮಧ್ಯವೇ ಇಡೀ ಸಾಲು ಎಡಕ್ಕೆ ತಿರುಗಿ ಬೆಟ್ಟದ ಬುಡದ ಮಷಿನ್ ಗನ್‌ಗಳ ಮೇಲೆ ಬಿತ್ತು. ಅಲ್ಲಿಂದ ಊರ ಬೀದಿಗಳಿಗೆ. ಮೇಜರ್ ದಳಪತ್ ಸಿಂಗ್ ಶೇಖಾವತ್ ಸತ್ತದ್ದು ಅಲ್ಲೇ. ಗುಂಡು ಹಾರಿಸುತ್ತಿದ್ದ ಮೈಸೂರಿನವರೂ ಆಗ ಕುದುರೆ ಹತ್ತಿ ಅವರ ಹಿಂದೆಯೇ ಊರೊಳಗೆ ನುಗ್ಗಿದರು.

ಜೋಧಪುರದಲ್ಲಿ_ಕನ್ನಡಿಗ

ಸದ್ಯ, ಯಾರೋ ಒಬ್ಬರು ಇದನ್ನು ಸರಿಯಾಗಿ ಹೇಳಿದಿರಿ! ಇಲ್ಲಿ ನನ್ನ ಸಹೋದ್ಯೋಗಿಗಳು ಹೈಫಾ ಅಂದರೆ ಬರೀ ಜೋಧಪುರ ಅಂತಾರೆ. ನಮ್ಮ ಊರಿನ ಗುಂಪಿನಲ್ಲಿ ಬರೀ ಮೈಸೂರು ಅಂತಾರೆ. ನಾನು ಮಧ್ಯ ಸಿಕ್ಕಿ ಎರಡೂ ಕಡೆ ಬೈಸಿಕೊಳ್ತೀನಿ.

ಕುದುರೆ_ಜೊತೆಗಾರ

ಆ 8 ಮತ್ತು 34ರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇದೆ, ಯಾರೂ ಹಾಕಲ್ಲ. ಅವತ್ತು ಸತ್ತ ಕುದುರೆ 60, ಗಾಯವಾದದ್ದು 83. ಮನುಷ್ಯರಿಗೆ ತಗಲಬೇಕಾದ್ದು ಕುದುರೆ ತಗೊಂಡಿತು. ಜೋರಾಗಿ ಓಡುವ ಕುದುರೆ ಮೇಲಿನ ಸವಾರ ಅದರ ಕುತ್ತಿಗೆಗೆ ಬಾಗಿರುತ್ತಾನೆ. ಎದುರಿನಿಂದ ನೋಡಿದರೆ ಕಾಣೋದೆಲ್ಲ ಕುದುರೆಯ ಎದೆ. ಅದೂ ಅಲ್ಲದೆ ದೂರ ಬೇಗ ಬೇಗ ಕಮ್ಮಿ ಆಗ್ತಾ ಇದ್ದರೆ ಗುಂಡು ಹೊಡೆಯುವವನು ಗುರಿಯ ಎತ್ತರ ಬದಲಿಸೋದು ಮರೀತಾನೆ, ಗುಂಡು ತಲೆ ಮೇಲೆ ಹೋಗುತ್ತದೆ.

ಬೆಟ್ಟ ಹತ್ತಿಸೋದು ನನಗೆ ಇದಕ್ಕಿಂತ ದೊಡ್ಡದು. ಕಾರ್ಮೆಲ್ ಸುಣ್ಣಕಲ್ಲಿನ ಬೆಟ್ಟ. ಕಬ್ಬಿಣದ ಲಾಳ ಆ ಕಲ್ಲಿನ ಮೇಲೆ ಜಾರುತ್ತದೆ. ಲಾಳದ ಒಂದು ಮೊಳೆ ಸಡಿಲಾದರೆ ನೂರು ಹೆಜ್ಜೆಗೆ ಕುದುರೆ ಕುಂಟು. ನಾಲ್ಕೈದು ದಿನದಿಂದ ಜೀನು ಸರಿಯಾಗಿ ಇಳಿಸಿಲ್ಲ, ಬೆನ್ನು ಹುಣ್ಣಾಗಿರುತ್ತದೆ. ಅಂಥದರಲ್ಲಿ ಹದಿನೈದು ಕುದುರೆ ಮೇಲೆ ಹೋಗಿ ಮತ್ತೆ ದೌಡು ಹೊಡೆದವು ಅಂದರೆ ಆ ಕುದುರೆ ನೋಡಿಕೊಂಡ ಸಾಯಿಸನಿಗೆ ಕೈ ಮುಗೀಬೇಕು.

ಕುಡ್ಲದ_ಹುಡುಗಿ_ಹೈಫಾ

ನಮಸ್ಕಾರ ಎಲ್ಲರಿಗೂ. ನಾನು ಮಂಗಳೂರಿನವಳು. ಹೈಫಾದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ, ಆರು ವರ್ಷ ಆಯಿತು. ನಮ್ಮ ಕಡೆಯವರು ಇಲ್ಲಿ ಈ ಕೆಲಸದಲ್ಲಿ ತುಂಬ ಜನ ಇದ್ದೇವೆ. ಈ ಚರ್ಚೆ ಓದಿ ನಗು ಬಂತು, ಯಾಕೆಂದರೆ ನೀವು ಹೇಳುವ ಬಲದ್ ಅಲ್ ಶೇಖ್ ಈಗ ನೇಶೆರ್ ಊರು. ನಾನು ಸಾಮಾನು ತರಲು ಆ ಕಡೆ ಹೋಗುತ್ತೇನೆ.

ಈ ಊರು ಹೇಗೆಂದರೆ ಮಾರಾಯ್ರೆ, ಕೆಳಗೆ ಬಂದರು, ಮೇಲೆ ಮನೆಗಳು. ಎಲ್ಲಿ ಹೋಗುವುದಾದರೂ ಮೆಟ್ಟಿಲು. ಅಜ್ಜಿಯ ಮನೆ ಮೇಲೆ, ಔಷಧಿ ಅಂಗಡಿ ಕೆಳಗೆ. ಬೆಟ್ಟದ ಒಳಗೇ ಒಂದು ರೈಲು ಓಡುತ್ತದೆ, ಕಾರ್ಮೆಲಿತ್ ಅಂತ. ಅದರ ಡಬ್ಬಿಯೂ ಮೆಟ್ಟಿಲು ಮೆಟ್ಟಿಲಾಗಿ ಇದೆ, ಅಷ್ಟು ಕಡಿದು. ಸೆಪ್ಟೆಂಬರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಹೋದರೆ ಬಿಳಿ ಕಲ್ಲಿನಿಂದ ಬಿಸಿ ಮುಖಕ್ಕೆ ಹೊಡೆಯುತ್ತದೆ. ಒಣಗಿದ ಮುಳ್ಳುಗಿಡ, ಪೈನ್ ಮರದ ವಾಸನೆ. ಮಳೆ ತಿಂಗಳುಗಟ್ಟಲೆ ಬಂದಿರುವುದಿಲ್ಲ.

ಜಾಫಾ ರಸ್ತೆಯಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ. ಸಣ್ಣದು. 2017ರಲ್ಲಿ ಪ್ರಧಾನಿ ಬಂದು ಹೋದ ಮೇಲೆ ತುಂಬ ಜನರಿಗೆ ಗೊತ್ತಾಯಿತು. ಅದಕ್ಕೂ ಮೊದಲು ನಾವು ಅದರ ಎದುರಿನಿಂದ ಹೋದರೂ ಯಾರದ್ದು ಅಂತ ಕೇಳಿರಲಿಲ್ಲ.

ಬಸವನಗುಡಿ_ಬೆಂಚು

ಅಕ್ಕ, ಅಬ್ದುಲ್ ಬಹಾ ಅವರನ್ನು ಕಾಪಾಡೋಕೇ ನಮ್ಮ ಲ್ಯಾನ್ಸರ್ಸ್ ಹೋದದ್ದು ಅಂತ ಇನ್ನೊಂದು ಮೆಸೇಜು ಇದೆ. ನಿಜಾನಾ?

ಮೇಷ್ಟ್ರು_ಚನ್ನಪಟ್ಟಣ

ನಾನು ಉತ್ತರ ಕೊಡ್ತೀನಿ. ಬಹಾಯಿ ಪಂಥದ ನಾಯಕ ಅಬ್ದುಲ್ ಬಹಾ ಆಗ ಹೈಫಾದಲ್ಲಿದ್ದದ್ದು ನಿಜ. ತುರ್ಕಿಯ ಜಮಾಲ್ ಪಾಷಾನಿಂದ ಅವರಿಗೆ ಜೀವ ಬೆದರಿಕೆ ಇದ್ದದ್ದೂ ನಿಜ. ಅವರ ಸುರಕ್ಷತೆ ನೋಡಿಕೊಳ್ಳಿ ಅಂತ ಲಂಡನ್ನಿನಿಂದ ಮಾತು ಬಂದಿತ್ತು. ಊರು ಕೈಗೆ ಬಂದ ಮೇಲೆ ಅವರು ಸುರಕ್ಷಿತರಾದರು. ಆದರೆ ದಾಳಿ ಆದದ್ದು ಬಂದರಿಗೋಸ್ಕರ. ಬೆಟ್ಟದ ಮೇಲೆ ಏದುಸಿರು ಬಿಡುತ್ತಿದ್ದ ಆ ಹದಿನೈದು ಜನರಿಗೆ ಅವರ ಹೆಸರೂ ಗೊತ್ತಿರಲಿಕ್ಕಿಲ್ಲ.

ಹಾಗೇ "ಇಸ್ರೇಲಿಗೆ ಸ್ವಾತಂತ್ರ್ಯ ಕೊಡಿಸಿದ ಮೈಸೂರು" ಅಂತಲೂ ಬರುತ್ತದೆ. ಇಸ್ರೇಲ್ ಹುಟ್ಟಿದ್ದು 1948ರಲ್ಲಿ. ಇವರು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕೆ. ಅದನ್ನು ಹಾಗೇ ಒಪ್ಪಿಕೊಂಡರೆ ಸವಾರರ ಧೈರ್ಯವೇನೂ ಕಮ್ಮಿ ಆಗಲ್ಲ.

ರಾಗಿಮುದ್ದೆ_ರಾಜಾಜಿನಗರ

ಎಲ್ಲ ಸರಿ, ತಲೆಬರಹದಲ್ಲಿರೋ ಹರಿತಾನ್ ಎಲ್ಲಿ? ಕಾಯ್ತಾ ಕೂತಿದ್ದೀನಿ.

ಹಳೇ_ಲಾಯ

ಬಂದೆ ಬಂದೆ. ಇದನ್ನು ಬರೆಯೋಕೇ ಈ ಚರ್ಚೆ ಶುರು ಮಾಡಿದ್ದು.

ಹೈಫಾ ಆದ ಮೇಲೆ ಅಕ್ಟೋಬರ್ 1ಕ್ಕೆ ಡಮಾಸ್ಕಸ್ ಬಿತ್ತು. ಅಲ್ಲಿಂದ, ನಮ್ಮ 15ನೇ ಬ್ರಿಗೇಡೂ ಸೇರಿದ್ದ 5ನೇ ಕ್ಯಾವಲ್ರಿ ಡಿವಿಷನ್ ಅಲೆಪ್ಪೊ ಕಡೆ ಹೊರಟಿತು. ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಜೋರ್ಡನ್ ಕಣಿವೆಯ ಮಲೇರಿಯಾ ಈಗ ಎದ್ದು ಬಂತು, ಜೊತೆಗೆ ಆ ವರ್ಷದ ಇನ್‌ಫ್ಲುಯೆಂಜಾ. ಗುಂಡಿಗೆ ಬೀಳದವರು ಜ್ವರಕ್ಕೆ ಬಿದ್ದರು. ಸ್ಕ್ವಾಡ್ರನ್ನುಗಳು ಅರ್ಧ ಖಾಲಿ.

ಅಕ್ಟೋಬರ್ 26. ಬೆಳಗ್ಗೆ ಅಲೆಪ್ಪೊ ಕೈಗೆ ಬಂದಿತ್ತು. 15ನೇ ಬ್ರಿಗೇಡಿಗೆ ಊರು ದಾಟಿ ಮುಂದೆ ಹೋಗಿ, ಓಡುತ್ತಿರುವ ತುರ್ಕರನ್ನು ಹಿಡಿಯಿರಿ ಅಂತ ಅಪ್ಪಣೆ. ಎಷ್ಟು ಜನ ಇದ್ದಾರೆ ಅಂತ ಸರಿಯಾಗಿ ಗೊತ್ತಿಲ್ಲ, ಕೆಲವು ನೂರು ಇರಬಹುದು ಅಂದುಕೊಂಡರು. ಊರಿನ ವಾಯುವ್ಯಕ್ಕೆ ಹರಿತಾನ್ ಹಳ್ಳಿ. ಅದರ ಹತ್ತಿರದ ದಿಬ್ಬದ ಮೇಲೆ ತುರ್ಕರು ಕೂತಿದ್ದರು. ಅವರು ಓಡುತ್ತಿರಲಿಲ್ಲ. ಅಲ್ಲಿದ್ದ ನಾಯಕ ಮುಸ್ತಫಾ ಕೆಮಾಲ್, ಮುಂದೆ ಅತಾತುರ್ಕ್ ಆದವನು. ಜನ ಸುಮಾರು 3,000.

ಮೈಸೂರಿನವರು ಪಕ್ಕದಿಂದ ಸುತ್ತಿ ಬಂದು ನುಗ್ಗಿದರು, ಹಿಂದೆ ಜೋಧಪುರದವರು. ಮೊದಲ ಏಟು ನಾಟಿತು. ಸಾಲಿನೊಳಗೆ ಹೋದರು, ಈಟಿಗೆ ಕೆಲವರು ಬಿದ್ದರು, ಕೆಲವರು ಬಂದೂಕು ಕೆಳಗೆ ಹಾಕಿ ಕೈ ಎತ್ತಿದರು. ಆಮೇಲೆ ಆ ಕೈ ಎತ್ತಿದವರು ಸುತ್ತ ನೋಡಿದರು. ಅಯ್ಯೋ, ಬಂದಿರೋದು ಇಷ್ಟೇ ಜನ! ಹಾಕಿದ ಬಂದೂಕು ಮತ್ತೆ ಎತ್ತಿಕೊಂಡರು.

ನಮ್ಮವರು ಹಿಂದೆ ಸರಿಯಬೇಕಾಯಿತು. ಕುದುರೆ ಇಳಿದು, ದೂರದಲ್ಲಿ ಸಾಲು ಕಟ್ಟಿ, ಕತ್ತಲಾಗುವವರೆಗೆ ಗುಂಡು ಹಾರಿಸುತ್ತಾ ಹಿಡಿದು ನಿಂತರು. ರಾತ್ರಿ ತಡವಾಗಿ ಇನ್ನೊಂದು ಬ್ರಿಗೇಡು ಸಹಾಯಕ್ಕೆ ಬಂತು, ತುರ್ಕರು ಕತ್ತಲಲ್ಲೇ ಜಾಗ ಖಾಲಿ ಮಾಡಿದರು. ಬ್ರಿಗೇಡಿನಲ್ಲಿ ಸತ್ತವರು 21, ಗಾಯಗೊಂಡವರು 56, ಕಾಣೆಯಾದವರು 3. ಸತ್ತವರಲ್ಲಿ ಜೋಧಪುರದವರ ಜೊತೆಗಿದ್ದ ಇಂಗ್ಲಿಷ್ ಅಧಿಕಾರಿ ಹೋಲ್ಡನ್ ಒಬ್ಬ.

ಹೈಫಾದಲ್ಲಿ 8, ಹರಿತಾನಿನಲ್ಲಿ 21. ಐದು ದಿನ ಕಳೆದು ಅಕ್ಟೋಬರ್ 31ಕ್ಕೆ ತುರ್ಕರ ಜೊತೆ ಕದನ ವಿರಾಮ. ನಾಲ್ಕು ವರ್ಷ ಮರಳು, ಜ್ವರ, ಫಿರಂಗಿ ಎಲ್ಲ ದಾಟಿ ಬಂದವರು ಇನ್ನು ಐದು ದಿನ ಇದ್ದಿದ್ದರೆ ಮನೆಗೆ ಬರುತ್ತಿದ್ದರು.

ಹರಿತಾನ್ ಗೆದ್ದ ಕತೆ ಅಲ್ಲ. ಸೋತ ಕತೆ ಅಂತಲೂ ಪೂರ್ತಿ ಹೇಳೋಕಾಗಲ್ಲ. ಅದಕ್ಕೇ ಅದು ಯಾವ ಮೆಸೇಜಿಗೂ ಹೊಂದಲ್ಲ ಅನ್ಸುತ್ತೆ.

ಬಸವನಗುಡಿ_ಬೆಂಚು

ಈಗ ನನ್ನ "ಬಲಿ ಕೊಟ್ಟರು" ಮಾತು ವಾಪಸ್ ತರಲಾ? ಎಷ್ಟು ಜನ ಇದ್ದಾರೆ ಅಂತ ನೋಡದೆ ಕಳಿಸಿದ್ದು ಯಾರ ತಪ್ಪು?

ಹಳೇ_ಲಾಯ

ತನ್ನಿ. ಇಲ್ಲಿ ನಾನು ವಾದ ಮಾಡಲ್ಲ. ಹೈಫಾದಲ್ಲಿ ನಾಲ್ಕು ಗಂಟೆ ನೋಡಿ, ಫಿರಂಗಿ ಬಾಯಿ ಮುಚ್ಚಿಸಿ, ಆಮೇಲೆ ನುಗ್ಗಿದರು. ಹರಿತಾನಿನಲ್ಲಿ ನೋಡದೆ ನುಗ್ಗಿದರು. ಅದೇ ರೆಜಿಮೆಂಟು, ಅದೇ ಈಟಿ.

ಜೋಧಪುರದಲ್ಲಿ_ಕನ್ನಡಿಗ

"ಜಗತ್ತಿನ ಕೊನೆಯ ದಾಳಿ" ಬಗ್ಗೆ ಇನ್ನೊಂದು. 1942ರ ಆಗಸ್ಟಿನಲ್ಲಿ ಇಟಲಿಯ ಸವೋಯಾ ಕ್ಯಾವಲ್ರಿ ರಷ್ಯಾದಲ್ಲಿ ಕುದುರೆ ಮೇಲೆ ದಾಳಿ ಮಾಡಿದೆ. ಹಾಗಾಗಿ ಹರಿತಾನ್ ಕೂಡ ಕೊನೆಯದಲ್ಲ.

ರೆಜಿಮೆಂಟ್ ಏನಾಯಿತು ಅಂತ ಯಾರಾದರೂ ಕೇಳುವ ಮೊದಲು ನಾನೇ ಹೇಳ್ತೀನಿ. 1920ರಲ್ಲಿ ಊರಿಗೆ ವಾಪಸ್. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನೆಲ್ಲ ಒಟ್ಟು ಮಾಡಿ 1953ರಲ್ಲಿ ಒಂದು ರೆಜಿಮೆಂಟ್ ಕಟ್ಟಿದರು. ಅದೇ ಈಗ ಜೈಪುರದಲ್ಲಿರುವ 61ನೇ ಕ್ಯಾವಲ್ರಿ. ಮೈಸೂರು, ಜೋಧಪುರ, ಗ್ವಾಲಿಯರ್ ಎಲ್ಲ ಅದರೊಳಗೆ ಸೇರಿಹೋದವು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸೈನಿಕರು ಇದ್ದಾರಲ್ಲ, 1922ರದ್ದು, ಅವು ಇದೇ ಜೋಧಪುರ, ಹೈದರಾಬಾದ್, ಮೈಸೂರಿನ ಗುರುತು. 2018ರಿಂದ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರು. ನಾನು ದೆಹಲಿಯಲ್ಲಿ ಮೂರು ವರ್ಷ ಇದ್ದೆ, ಆ ಚೌಕದಲ್ಲಿ ದಿನಾ ಬಸ್ಸು ತಿರುಗುತ್ತಿತ್ತು. ಒಬ್ಬ ನಮ್ಮೂರಿನವನು ಅಂತ ಗೊತ್ತೇ ಇರಲಿಲ್ಲ.

ಮೇಷ್ಟ್ರು_ಚನ್ನಪಟ್ಟಣ

ಸತ್ತವರ ಹೆಸರಿನ ಬಗ್ಗೆ ಒಂದು ಮಾತು. ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಸತ್ತ ಭಾರತೀಯ ಸೈನಿಕರ ನೆನಪಿಗೆ ಸೂಯೆಜ್ ಕಾಲುವೆಯ ದಕ್ಷಿಣದ ಬಾಯಲ್ಲಿ, ಪೋರ್ಟ್ ತೌಫಿಕ್ ಎಂಬಲ್ಲಿ, 1926ರಲ್ಲಿ ಒಂದು ಸ್ಮಾರಕ ಕಟ್ಟಿದ್ದರು. ಎರಡು ಕಲ್ಲಿನ ಹುಲಿಗಳು ಇದ್ದವು. 1967ರಿಂದ 73ರವರೆಗೆ ಈಜಿಪ್ಟ್ ಮತ್ತು ಇಸ್ರೇಲ್ ಆ ಕಾಲುವೆಯ ಎರಡೂ ದಡದಲ್ಲಿ ನಿಂತು ಬಡಿದಾಡಿಕೊಂಡವು. ಸ್ಮಾರಕ ಆ ಗುಂಡಿಗೆ ಹಾಳಾಯಿತು. ಆಮೇಲೆ 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸದಾಗಿ ಹೆಸರು ಹಾಕಿದರು. ಸುಮಾರು 4,000 ಹೆಸರು. ಒಂದು ಯುದ್ಧದಲ್ಲಿ ಸತ್ತವರ ಹೆಸರನ್ನು ಇನ್ನೊಂದು ಯುದ್ಧ ಅಳಿಸಿಹಾಕಿತು ನೋಡಿ.

ಕುಡ್ಲದ_ಹುಡುಗಿ_ಹೈಫಾ

ನಿನ್ನೆ ನನಗೆ ರಜೆ. ನಿಮ್ಮೆಲ್ಲರ ಮಾತು ಓದಿ ತಲೆಗೆ ಹುಳ ಬಿಟ್ಟ ಹಾಗೆ ಆಗಿತ್ತು. ನೇಶೆರ್ ಕಡೆಯಿಂದ ಬೆಟ್ಟ ಹತ್ತಿದೆ. ಅವರು ಹೋದ ದಾರಿ ಅದೇ ಅಂತ ನಾನು ಹೇಳುವುದಿಲ್ಲ, ಜನ ನಡೆಯುವ ಒಂದು ಕಾಲುದಾರಿ ಸಿಕ್ಕಿತು, ಅಷ್ಟೇ. ಕೈಯಲ್ಲಿ ಒಂದು ನೀರಿನ ಬಾಟಲಿ. ಸ್ಪೋರ್ಟ್ಸ್ ಶೂ. ಮೂರು ಕಡೆ ಕೂತೆ. ಒಂದು ಕಡೆ ಸಣ್ಣ ಕಲ್ಲು ಜಾರಿ ಮೊಣಕಾಲು ತರಚಿತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಕೆಳಗೆ ಇಡೀ ಬಯಲು, ಕಾರ್ಖಾನೆ ಚಿಮಣಿ, ಆಚೆ ಸಮುದ್ರ. ಮೇಲಿನಿಂದ ಕೆಳಗಿನ ರಸ್ತೆಯ ಒಂದೊಂದು ಕಾರೂ ಎಣಿಸಬಹುದು. ಫಿರಂಗಿ ಇಟ್ಟವನಿಗೆ ಎಷ್ಟು ಸುಲಭ ಅಂತ ಗೊತ್ತಾಯಿತು.

ಮೇಲೆ ಮುಟ್ಟಲಿಲ್ಲ. ಐದಕ್ಕೆ ಅಜ್ಜಿಯ ಮಾತ್ರೆಯ ಹೊತ್ತು, ವಾಪಸ್ ಬಂದೆ.

ಕುದುರೆ_ಜೊತೆಗಾರ

ಅಕ್ಕ, ಬರೋವಾಗ ಕಾಲು ಜಾರಿತಾ? ಕುದುರೆಗೂ ಇಳಿಯೋದೇ ಕಷ್ಟ. ಆ ಹದಿನೈದು ಕುದುರೆ ಫಿರಂಗಿ ಹಿಡಿದ ಮೇಲೆ ಮತ್ತೆ ಕೆಳಗೆ ಬಂದಿರಬೇಕು, ಅದೂ 78 ಕೈದಿಗಳನ್ನು ನಡೆಸಿಕೊಂಡು.

ರಾಗಿಮುದ್ದೆ_ರಾಜಾಜಿನಗರ

ಸರ್, ಮುಂದಿನ ಸೆಪ್ಟೆಂಬರಿಗೆ ನೀವೇ ಒಂದು ಮೆಸೇಜು ಬರೆದುಕೊಡಿ. ನಾನು ನಮ್ಮ ಏರಿಯಾದ ಎಲ್ಲ ಗುಂಪಿಗೂ ಹಾಕ್ತೀನಿ.

ಹಳೇ_ಲಾಯ

ಇದು ಹೇಗಿದೆ ನೋಡಿ:

"ಸೆಪ್ಟೆಂಬರ್ 23, 1918. ಹೈಫಾ. ರಸ್ತೆ ಮೇಲೆ ಜೋಧಪುರದವರು ನುಗ್ಗುವ ಹೊತ್ತಿಗೆ ಬೆಟ್ಟದ ಮೇಲಿನ ಫಿರಂಗಿ ಸುಮ್ಮನಾಗಬೇಕಿತ್ತು. ಮೈಸೂರಿನ ಒಂದು ಸ್ಕ್ವಾಡ್ರನ್ನು ಕಾರ್ಮೆಲ್ ಬೆಟ್ಟ ಹತ್ತಿತು. ಮೇಲೆ ಮುಟ್ಟಿ ನುಗ್ಗಿದವರು ಹದಿನೈದು. ಬ್ರಿಗೇಡಿನಲ್ಲಿ ಅವತ್ತು ಸತ್ತವರು 8 ಜನ, 60 ಕುದುರೆ. ಅಕ್ಟೋಬರ್ 26ರಂದು ಅಲೆಪ್ಪೊ ಆಚೆ ಹರಿತಾನಿನಲ್ಲಿ ಇನ್ನೂ 21 ಜನ. ಐದು ದಿನಕ್ಕೆ ಯುದ್ಧ ಮುಗಿಯಿತು."

ಮೇಷ್ಟ್ರು_ಚನ್ನಪಟ್ಟಣ

"ಯುದ್ಧ ಮುಗಿಯಿತು" ಅಲ್ಲ, "ತುರ್ಕರ ಜೊತೆಗಿನ ಯುದ್ಧ ನಿಂತಿತು" ಅಂತ ಹಾಕಿ. ಜರ್ಮನಿ ಜೊತೆ ನವೆಂಬರ್ 11ರವರೆಗೆ ನಡೆಯಿತು.

ಜೋಧಪುರದಲ್ಲಿ_ಕನ್ನಡಿಗ

ಹರಿತಾನಿನ 21ರಲ್ಲೂ "ಬ್ರಿಗೇಡಿನಲ್ಲಿ" ಅಂತ ಸೇರಿಸಿ. ಇಲ್ಲದಿದ್ದರೆ ಇಲ್ಲಿ ನನಗೆ ಮತ್ತೆ ಬೈಗುಳ.

ಬಸವನಗುಡಿ_ಬೆಂಚು

ಕೊನೆಗೆ "ಓದಿ, ಹಂಚಿ" ಹಾಕಿಲ್ಲ?

ರಾಗಿಮುದ್ದೆ_ರಾಜಾಜಿನಗರ

ಹಾಕಿ ನೋಡಿದೆ ಸರ್, ನಮ್ಮ ಮನೆ ಗುಂಪಿಗೆ. ನಮ್ಮ ಚಿಕ್ಕಪ್ಪ ಒಂದೇ ಪ್ರಶ್ನೆ ಕೇಳಿದರು: "ಹದಿನೈದು ಅಂತ ತಪ್ಪು ಟೈಪ್ ಆಗಿದೆ ಅನ್ಸುತ್ತೆ, ಹದಿನೈದು ಸಾವಿರ ಅಲ್ವಾ?"